ಖಾಲಿ ಇರಲೆಂದೇ ಕಟ್ಟಿದ ಅಣೆ: ನಮ್ಮ ತೋಡಿನ ನೆರೆ ತಗ್ಗಿಸಿದ ಅನುಭವ

ನಮ್ಮ ತೋಡಿಗೆ, ಅಂದರೆ ಊರಿನ ಹಳ್ಳಕ್ಕೆ, ನಾವು ಕಟ್ಟಿದ ಅಣೆಯಲ್ಲಿ ವರ್ಷದ ಹೆಚ್ಚಿನ ದಿನ ನೀರು ನಿಂತಿರುವುದಿಲ್ಲ. ನೋಡಲು ಬಂದವರು ಮೊದಲು ಕೇಳುವುದೇ ಅದನ್ನು. ಎಲ್ಲಿಯಾದರೂ ಸೋರುತ್ತಿದೆಯಾ, ಹಲಗೆ ಹಾಕಲಿಲ್ಲವಾ ಅಂತ. ಸೋರುತ್ತಿಲ್ಲ. ಖಾಲಿ ಇರಲಿ ಎಂದೇ ಕಟ್ಟಿದ್ದು. ನೆರೆ ತಗ್ಗಿಸುವ ಅಣೆ, ಜೋರು ಮಳೆ ಬರುವ ಹೊತ್ತಿಗೆ ಖಾಲಿ ಇರಲೇಬೇಕು. ತುಂಬಿ ನಿಂತಿದ್ದರೆ ಬಂದ ನೀರನ್ನೆಲ್ಲ ಹಾಗೇ ಕೆಳಗೆ ದಾಟಿಸುತ್ತದೆ. ಈ ಒಂದು ಮಾತನ್ನು ತೋಡಿನ ಬದಿಯ ಮನೆಯವರಿಗೆಲ್ಲ ಒಪ್ಪಿಸಲು ಹಿಡಿದ ಸಮಯ, ಕಟ್ಟಲು ಹಿಡಿದ ಸಮಯಕ್ಕಿಂತ ಜಾಸ್ತಿ.

ನಮ್ಮದು ಬೆಳ್ತಂಗಡಿ ತಾಲೂಕು, ಘಟ್ಟದ ಬುಡ. ಇಲ್ಲಿ ವರ್ಷದ ಮಳೆ 4000 ಮಿಲಿಮೀಟರ್ ದಾಟುವುದು ಮಾಮೂಲು. ನಾನು ಕೆಲವು ಕಾಲ ಜಲಾನಯನ ಕಾಮಗಾರಿಗಳಲ್ಲಿ ಎಂಜಿನಿಯರ್ ಆಗಿ ದುಡಿದು, ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆ ಗುಡ್ಡಗಳು ಕುಸಿದು, ಮೃತ್ಯುಂಜಯ ಹೊಳೆ ಮರದ ದಿಮ್ಮಿ, ಮರಳುಗಳನ್ನು ತೋಟಗಳಿಗೆ ನುಗ್ಗಿಸಿದ್ದು ಈ ಭಾಗದ ಎಲ್ಲರಿಗೂ ನೆನಪಿದೆ. ಅಂಥ ನೆರೆಗೆ ನಮ್ಮ ಅಣೆ ಉತ್ತರ ಅಲ್ಲ. ಗುಡ್ಡವೇ ಜರಿದು ಬಂದರೆ ಹಳ್ಳಿಯವರು ಸೇರಿ ಕಟ್ಟಿದ ಯಾವ ಒಡ್ಡೂ ನಿಲ್ಲದು. ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗುವುದು, ಅಷ್ಟೆ.

ನಮ್ಮ ಕಷ್ಟ ಬೇರೆ, ಸಣ್ಣದು, ಆದರೆ ವರ್ಷವರ್ಷವೂ ಬರುವಂಥದ್ದು. ಜೋರು ಮಳೆ ಬಂದರೆ ಅರ್ಧ ಗಂಟೆಯಲ್ಲಿ ತೋಡು ಏರುತ್ತದೆ. ದಂಡೆ ಮೀರಿ ತೋಟಕ್ಕೆ ನುಗ್ಗುತ್ತದೆ. ಎರಡು ಗಂಟೆಯಲ್ಲಿ ಇಳಿದೂ ಹೋಗುತ್ತದೆ. ಅಷ್ಟರಲ್ಲಿ ಅಡಿಕೆ ಬುಡಕ್ಕೆ ಹಾಕಿದ ಗೊಬ್ಬರ, ಸೊಪ್ಪು ಎಲ್ಲ ಹೋಗಿರುತ್ತದೆ. ಬುಡದಲ್ಲಿ ಮರಳು ಕೂತಿರುತ್ತದೆ. ಕೆಳಗಿನ ಎರಡು ಮನೆಗಳ ಬಾವಿಗೆ ಕೆಸರು ಸೇರಿರುತ್ತದೆ. ಶಾಲೆಗೆ ಹೋಗುವ ಮಕ್ಕಳು ದಾಟುವ ಕಾಲುಸಂಕ ತೇಲಿ ಹೋಗಿರುತ್ತದೆ. ಇಷ್ಟಕ್ಕೆಲ್ಲ ಕಾರಣ ಆ ಒಂದು ಗಂಟೆಯ ನೀರು. ಅದನ್ನು ಮೂರು ಗಂಟೆಗೆ ಹಂಚಿದರೆ ತೋಡು ತನ್ನ ದಂಡೆಯೊಳಗೇ ಹರಿಯುತ್ತದೆ ಅಲ್ವಾ? ನಮ್ಮ ಇಡೀ ಕೆಲಸ ಇಷ್ಟೇ.

ಮೊದಲು ಲೆಕ್ಕ. ಉಪಗ್ರಹ ನಕ್ಷೆ ಇಟ್ಟುಕೊಂಡು ಗುಡ್ಡದ ಏಣು ಎಲ್ಲೆಲ್ಲಿ ಹೋಗುತ್ತದೆಂದು ನಡೆದು ನೋಡಿದೆವು. ನಮ್ಮ ತೋಡಿಗೆ ನೀರು ಕೊಡುವ ಜಾಗ ಸುಮಾರು 20 ಹೆಕ್ಟೇರ್, ಅಂದರೆ 50 ಎಕರೆ. ಮೇಲೆ ಕಾಡು, ನಡುವೆ ರಬ್ಬರ್, ಕೆಳಗೆ ಕುಮ್ಕಿ ಗುಡ್ಡೆ, ಅಂದರೆ ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ. ಜುಲೈ ತಿಂಗಳಲ್ಲಿ ನೆಲ ಆಗಲೇ ನೀರು ಕುಡಿದು ತುಂಬಿರುತ್ತದೆ. ಆಗ ಬಿದ್ದ ಮಳೆಯ ಅರ್ಧಕ್ಕಿಂತ ಹೆಚ್ಚು ಹಾಗೇ ಹರಿದು ಬರುತ್ತದೆ. ನಾನು 0.6 ಎಂದು ಹಿಡಿದೆ. ಗಂಟೆಗೆ 60 ಮಿಲಿಮೀಟರ್ ಮಳೆ ಎಂದರೆ 20 × 60 × 0.6, ಅದನ್ನು 360ರಿಂದ ಭಾಗಿಸಿದರೆ 2 (ಹೆಕ್ಟೇರ್, ಮಿಲಿಮೀಟರ್ ಲೆಕ್ಕವನ್ನು ಸೆಕೆಂಡಿನ ಘನ ಮೀಟರಿಗೆ ತರಲು ಈ 360). ಸೆಕೆಂಡಿಗೆ 2 ಘನ ಮೀಟರ್, ಅಂದರೆ 2000 ಲೀಟರ್. ಅಡಿಕೆ ಮರಗಳ ಮೇಲೆ ಉಳಿದಿದ್ದ ಕೆಸರಿನ ಗುರುತು ಅಳೆದು ನೋಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ ಬಂತು.

ನಮ್ಮ ಜಿಲ್ಲೆಯಲ್ಲಿ ಮಳೆ ಅಳೆದು ಬರೆದಿಡುವ ಕೃಷಿಕರು ಬಹಳ ಮಂದಿ ಇದ್ದಾರೆ. ತುಂಬಾ ಒಳ್ಳೆಯ ಅಭ್ಯಾಸ. ಆದರೆ ದಿನದ ಲೆಕ್ಕ ಇಂಥ ಅಣೆಗೆ ಸಾಲದು. ದಿನಕ್ಕೆ 150 ಮಿಲಿಮೀಟರ್ ಮಳೆ ನಿಧಾನಕ್ಕೆ ಬಿದ್ದರೆ ನಮ್ಮ ತೋಡು ಏನೂ ಮಾಡುವುದಿಲ್ಲ. ಅದರಲ್ಲಿ 70 ಒಂದೇ ಗಂಟೆಗೆ ಸುರಿದರೆ ತೋಟ ಮುಳುಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಹತ್ತಿರದ ಮಾಪಕದ ಲೆಕ್ಕ ಸಿಕ್ಕರೆ ಅದನ್ನೇ ನೋಡಿ.

ಇನ್ನು ಎಲ್ಲರೂ ಮೊದಲು ಹೇಳುವ ಪರಿಹಾರ, ತೋಡಿನ ಉದ್ದಕ್ಕೂ ಕಲ್ಲಿನ ಸಣ್ಣ ಸಣ್ಣ ತಡೆಗಳು. ನಾವೂ ಕಟ್ಟಿದ್ದೇವೆ. ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿದಿರಬೇಕು. 80 ಸೆಂಟಿಮೀಟರ್ ಎತ್ತರದ ಒಂದು ತಡೆ. ತೋಡಿನ ಇಳಿಜಾರು 100 ಅಡಿಗೆ 8 ಅಡಿ. ಆಗ ಅದರ ಹಿಂದೆ 10 ಮೀಟರ್ ದೂರದವರೆಗೆ ನೀರು ನಿಲ್ಲುತ್ತದೆ. ತೋಡು 3 ಮೀಟರ್ ಅಗಲ ಇದ್ದರೆ, ನೀರು ಬೆಣೆಯಾಕಾರದಲ್ಲಿ ನಿಲ್ಲುವುದರಿಂದ ಅರ್ಧ ಹಿಡಿದು, ಒಟ್ಟು 12 ಘನ ಮೀಟರ್. ಸೆಕೆಂಡಿಗೆ 2 ಘನ ಮೀಟರ್ ಬರುವ ತೋಡು ಅದನ್ನು ಆರು ಸೆಕೆಂಡಿನಲ್ಲಿ ತುಂಬಿಸುತ್ತದೆ! ಇಂಥ ಹದಿನೈದು ತಡೆ ಕಟ್ಟಿದರೂ ಸಿಗುವುದು ಒಂದೂವರೆ ನಿಮಿಷ. ನೆರೆ ಹಿಡಿದಿಡಲು ಇದು ಏನೂ ಅಲ್ಲ.

ಹಾಗಾದರೆ ಯಾಕೆ ಕಟ್ಟಿದಿರಿ ಎಂದು ಕೇಳಬಹುದು. ನೀರಿನ ಓಟ ತಗ್ಗಲು, ತೋಡಿನ ತಳ ಕೊರೆಯದಿರಲು, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲು ಮರಳು ಮೇಲೆಯೇ ನಿಲ್ಲಲು. ಮರಳು ಕೆಳಗೆ ಬಂದರೆ ದೊಡ್ಡ ಅಣೆಯ ಹೊಟ್ಟೆ ಒಂದೇ ಮಳೆಗಾಲದಲ್ಲಿ ತುಂಬುತ್ತದೆ. ಮೇಲಿನ ತಡೆಗಳು ತುಂಬಿದರೆ ಕೆಲಸ ಹಾಳಾಯಿತು ಎಂದು ಬೇಸರ ಮಾಡಬೇಡಿ. ತುಂಬಿದ ತಡೆಯ ಹಿಂದೆ ತೋಡು ಮೆಟ್ಟಿಲಾಗುತ್ತದೆ, ನೀರಿನ ರಭಸ ಆಗಲೂ ಕಮ್ಮಿಯೇ.

ಕಟ್ಟುವ ಕ್ರಮ ಸರಳ. ಸಿಮೆಂಟ್ ಬೇಡ, ಒಣ ಕಲ್ಲು ಸಾಕು. ತಳವನ್ನು ಒಂದೂವರೆ ಅಡಿ ಅಗೆದು ದೊಡ್ಡ ಕಲ್ಲು ಕೂರಿಸಬೇಕು. ಎರಡೂ ಬದಿ ದಂಡೆಯೊಳಗೆ ಎರಡಡಿಯಷ್ಟು ನುಗ್ಗಿಸಬೇಕು. ಇಲ್ಲದಿದ್ದರೆ ನೀರು ಬದಿಯಿಂದ ದಾರಿ ಮಾಡಿಕೊಂಡು ದಂಡೆಯನ್ನೇ ಕೊರೆಯುತ್ತದೆ. ನಡುಭಾಗ ಬದಿಗಳಿಗಿಂತ ಒಂದಡಿ ತಗ್ಗಿರಬೇಕು, ನೀರು ನಡುವಿನಲ್ಲೇ ಧುಮುಕಬೇಕು. ಧುಮುಕುವಲ್ಲಿ ಚಪ್ಪಟೆ ಕಲ್ಲಿನ ಹಾಸು ಬೇಕು. ಕೆಳಗಿನ ತಡೆಯ ತಲೆ, ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ದೂರ ಇಟ್ಟುಕೊಳ್ಳಿ. ಮಟ್ಟ ನೋಡಲು ಮೇಸ್ತ್ರಿಗಳ ನೀರಿನ ಟ್ಯೂಬ್ ಧಾರಾಳ ಸಾಕು. ಮತ್ತೆ, ತೋಡಿನ ತಳದಲ್ಲಿ ಹೂತಿರುವ ದೊಡ್ಡ ಕಲ್ಲುಗಳನ್ನು ಎಬ್ಬಿಸಬೇಡಿ. ತೋಡನ್ನು ಹಿಡಿದು ನಿಲ್ಲಿಸಿರುವುದು ಅವೇ. ನಮಗೆ ಒಬ್ಬರ ಜಾಗ ಸಮ ಮಾಡುವಾಗ ಎದ್ದ ಕಲ್ಲು ಸಿಕ್ಕಿತು.

ನೀರು ಹಿಡಿಯಲು ಜಾಗ ಬೇಕು. ನಮಗದು ಸಿಕ್ಕಿದ್ದು ತೋಟಗಳ ಮೇಲ್ಗಡೆ ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಯಲ್ಲಿ. ಸುಮಾರು ಅರ್ಧ ಎಕರೆ, ಮೂರು ಬದಿ ಎತ್ತರ. ನಾಲ್ಕನೇ ಬದಿಗೆ ಮಣ್ಣಿನ ಏರಿ ಹಾಕಿದರೆ 1600 ಘನ ಮೀಟರ್, ಅಂದರೆ 16 ಲಕ್ಷ ಲೀಟರ್ ನೀರು ಸ್ವಲ್ಪ ಹೊತ್ತು ನಿಲ್ಲಬಲ್ಲದು. ಕರಾವಳಿಯಲ್ಲಿ ಹಡಿಲು ಗದ್ದೆಗೆ ಏನು ಬರ ಹೇಳಿ? ಹೆಚ್ಚಿನ ಊರುಗಳಲ್ಲಿ ಇಂಥ ಒಂದು ಜಾಗ ಸಿಗುತ್ತದೆ ಎಂದು ನನ್ನ ನಂಬಿಕೆ.

ಆದರೆ ಇಲ್ಲೊಂದು ನ್ಯಾಯದ ಪ್ರಶ್ನೆ ಇದೆ. ನೆರೆಯಿಂದ ಉಳಿಯುವುದು ಕೆಳಗಿನವರ ತೋಟ. ಮುಳುಗುವುದು ಮೇಲಿನವರ ಗದ್ದೆ. ಗದ್ದೆಯ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಫೋನಿನಲ್ಲಿ ಅವರು ಕೇಳಿದ ಮೊದಲ ಮಾತು, "ನಿಮ್ಮ ತೋಟ ಉಳಿಸಲು ನನ್ನ ಗದ್ದೆ ಮುಳುಗಿಸುವುದಾ ಮಾರಾಯ್ರೇ?" ಸರಿಯಾದ ಪ್ರಶ್ನೆಯೇ. ದಾಕ್ಷಿಣ್ಯಕ್ಕೆ ಒಪ್ಪಿಸಬಾರದು ಎಂದು ನಾವೆಲ್ಲ ತೀರ್ಮಾನಿಸಿದೆವು. ಛಾಪಾ ಕಾಗದದಲ್ಲಿ ಕರಾರು ಬರೆದೆವು. ಜಾಗ ಅವರದ್ದೇ. ವರ್ಷಕ್ಕೆ ಇಷ್ಟು ಗೇಣಿ. ಕೂತ ಹೂಳಿನ ಮೇಲೆ ಮೊದಲ ಹಕ್ಕು ಅವರದು. ಬೇಸಗೆಯಲ್ಲಿ ಅಲ್ಲಿ ಅವರು ಏನು ಬೆಳೆದರೂ ನಮ್ಮ ತಕರಾರಿಲ್ಲ. ಗೇಣಿ ಮತ್ತು ಕಟ್ಟುವ ಖರ್ಚನ್ನು ಮುಳುಗುತ್ತಿದ್ದ ತೋಟದ ಅಳತೆಗೆ ಸರಿಯಾಗಿ ಹಂಚಿಕೊಂಡೆವು. ಜಾಸ್ತಿ ಮುಳುಗುತ್ತಿದ್ದವರಿಗೆ ಜಾಸ್ತಿ ಪಾಲು. ಬಾವಿ ಕೆಡುತ್ತಿದ್ದ ಎರಡು ಮನೆಗಳವರಿಗೆ ತೋಟ ಇಲ್ಲ. ಅವರು ಶ್ರಮದಾನಕ್ಕೆ ಬಂದರು.

ಅನುಮತಿಯ ವಿಷಯವನ್ನು ಹಗುರ ಮಾಡಬೇಡಿ. ತೋಡು ಸರಕಾರದ್ದು. ಕುಮ್ಕಿಯಲ್ಲಿ ಸೊಪ್ಪು ಸೌದೆಗೆ ನಮಗೆ ಹಕ್ಕಿದೆ, ಜಾಗ ಮಾತ್ರ ಸರಕಾರದ್ದೇ. ಅರಣ್ಯದ ಗಡಿ ಕಲ್ಲು ದಾಟಿ ಒಂದು ಕಲ್ಲನ್ನೂ ಇಡಬಾರದು. ನಾವು ಪಂಚಾಯತಿಗೆ ನಕ್ಷೆ ಸಮೇತ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಬಂದ ಮೇಲೆಯೇ ಶುರು ಮಾಡಿದೆವು. ತೋಡಿನ ಕೆಳಗಿನ ಊರಿನವರನ್ನೂ ಕರೆದು ತೋರಿಸಿದೆವು. ಏರಿ ಒಡೆದರೆ ನೀರು ಹೋಗುವುದು ಅವರ ಅಂಗಳಕ್ಕೆ. ಅವರಿಗೆ ತಿಳಿಯದೆ ಇಂಥದ್ದನ್ನು ಕಟ್ಟುವುದು ಸರಿಯಲ್ಲ.

ಈಗ ಏರಿಯ ವಿಷಯ. ಮೇಲೆ ಹುಲ್ಲು, ಸೊಪ್ಪು, ಬೇರು ಇರುವ ಮಣ್ಣನ್ನು ಪೂರ್ತಿ ತೆಗೆಯಬೇಕು. ನಡುವೆ ಗಟ್ಟಿ ನೆಲ ಸಿಗುವವರೆಗೆ ಚರಂಡಿ ತೋಡಿ, ಅಂಟು ಮಣ್ಣು ತುಂಬಿ ಧಮ್ಮಸು ಹಾಕಬೇಕು. ಏರಿಯಡಿಯಲ್ಲಿ ನೀರು ಜಿನುಗದಿರಲು ಇದೇ ಆಧಾರ. ಅದರ ಮೇಲೆ ಏರಿಯ ಮಣ್ಣನ್ನು ಅರ್ಧ ಅಡಿ, ಅರ್ಧ ಅಡಿಯಂತೆ ಹಾಕಿ, ಪ್ರತಿ ಪದರಕ್ಕೂ ರೋಲರ್ ಓಡಿಸಿದೆವು. ಹದ ನೋಡುವುದು ಕೈಯಲ್ಲೇ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಕೈಗೆ ನೀರು ಇಳಿಯಬಾರದು. ಜೆಸಿಬಿ ಬಾಡಿಗೆಯೇ ಎಲ್ಲಕ್ಕಿಂತ ದೊಡ್ಡ ಖರ್ಚು. ಹಾಗಂತ ರೋಲರ್ ಬಿಟ್ಟು ಜೆಸಿಬಿ ಚಕ್ರದಲ್ಲೇ ತುಳಿಸಿ ಮುಗಿಸುವುದು ಬೇಡ. ನೀರಿನ ಬದಿಗೆ ಇಳಿಜಾರು ಒಂದಕ್ಕೆ ಎರಡೂವರೆ, ಅಂದರೆ ಒಂದಡಿ ಎತ್ತರಕ್ಕೆ ಎರಡೂವರೆ ಅಡಿ ಅಡ್ಡಕ್ಕೆ, ಹಿಂಬದಿಗೆ ಒಂದಕ್ಕೆ ಎರಡು. ನೋಡುವವರಿಗೆ ಇಷ್ಟು ಚಪ್ಪಟೆ ಯಾಕೆ ಅನಿಸುತ್ತದೆ. ಅಣೆ ಬೇಗ ತುಂಬಿ ಬೇಗ ಖಾಲಿಯಾಗುತ್ತದೆ. ನೀರು ಇಳಿದ ಮೇಲೂ ಮಣ್ಣೊಳಗೆ ನೀರು ಉಳಿದಿರುತ್ತದೆ. ಕಡಿದಾದ ಬದಿ ಆಗ ಜಾರುತ್ತದೆ.

ತೂಬಿಗೆ ಎರಡಡಿ ವ್ಯಾಸದ ಸಿಮೆಂಟ್ ಪೈಪ್ ಹಾಕಿದೆವು. ಗೇಟಿಲ್ಲ, ಹಲಗೆಯಿಲ್ಲ, ಸದಾ ತೆರೆದೇ ಇರುತ್ತದೆ. ಸಾಧಾರಣ ಮಳೆಯ ನೀರು ತಡೆಯಿಲ್ಲದೆ ಹೋಗುತ್ತದೆ, ಅಣೆ ಇದೆ ಎಂದೇ ತೋಡಿಗೆ ಗೊತ್ತಾಗುವುದಿಲ್ಲ. ಜೋರು ಮಳೆಗೆ ನೀರು ಆರಡಿ ಏರಿದಾಗಲೂ ಆ ಪೈಪಿನಿಂದ ಹೊರಬೀಳುವುದು ಸೆಕೆಂಡಿಗೆ ಸುಮಾರು 0.9 ಘನ ಮೀಟರ್. ಬರುವುದು 2, ಹೋಗುವುದು 0.9. ಉಳಿದದ್ದು ಗದ್ದೆಯಲ್ಲಿ ನಿಂತು, ಮಳೆ ಕಮ್ಮಿಯಾದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ನಮ್ಮ ತೋಡಿನ ದಂಡೆಗೆ ಸೆಕೆಂಡಿಗೆ ಒಂದು ಘನ ಮೀಟರ್ ತಾಳುವ ಶಕ್ತಿ ಇದೆ. ಪೈಪಿನ ಅಳತೆ ಆರಿಸಿದ್ದು ಅದನ್ನು ನೋಡಿಯೇ. ಪೈಪಿನ ತಳವನ್ನು ತೋಡಿನ ತಳಕ್ಕಿಂತ ಸ್ವಲ್ಪ ಕೆಳಗೆ ಇಟ್ಟಿದ್ದೇವೆ, ಮೊದಲ ಮಳೆಗೆ ಮೇಲೇರುವ ಮೀನುಗಳಿಗೆ ದಾರಿ ಇರಲಿ ಅಂತ. ಪೈಪಿನ ಸುತ್ತ ಎರಡು ಕಡೆ ಕಾಂಕ್ರೀಟ್ ಪಟ್ಟಿ ಕಟ್ಟಿದೆವು. ಇಂಥ ಒಡ್ಡುಗಳು ಸೋರಲು ಶುರುವಾಗುವುದು ಪೈಪಿನ ಮೈಗುಂಟ ನೀರು ಹರಿದಾಗ.

ಅಡಿಕೆ ಊರಿನಲ್ಲಿ ತೂಬಿಗೆ ದೊಡ್ಡ ಶತ್ರು ಸೋಗೆ, ಅಂದರೆ ಅಡಿಕೆಯ ಉದುರಿದ ಗರಿ. ಪೈಪಿನ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿದರೆ ಎರಡು ಸೋಗೆ, ನಾಲ್ಕು ಹಾಳೆ ಬಂದು ಅಂಟಿಕೊಂಡರೆ ಮುಗಿಯಿತು. ನಾವು ಪೈಪಿನಿಂದ ಹತ್ತು ಅಡಿ ಮೇಲೆ ಕಲ್ಲುಕಂಬಗಳನ್ನು ಅಡ್ಡಸಾಲಾಗಿ, ಒಂದೊಂದು ಅಡಿ ಅಂತರದಲ್ಲಿ, ನೀರು ಹೋಗುವ ದಿಕ್ಕಿಗೆ ಸ್ವಲ್ಪ ವಾಲಿಸಿ ನೆಟ್ಟೆವು. ಕಸ ಅಲ್ಲಿ ತಡೆದರೂ ನೀರಿನ ಮಟ್ಟ ಏರಿದ ಹಾಗೆ ಅದೂ ಕಂಬದುದ್ದಕ್ಕೆ ಮೇಲೇರುತ್ತದೆ, ಕೆಳಗಿನಿಂದ ನೀರು ಹೋಗುತ್ತಿರುತ್ತದೆ. ಕಿಂಡಿ ಅಣೆಕಟ್ಟುಗಳಿಗೆ ದಿಮ್ಮಿ ಸಿಕ್ಕಿಕೊಂಡು ನೀರು ಪಕ್ಕದ ತೋಟಕ್ಕೆ ತಿರುಗುವುದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಅದಕ್ಕೇ ಇಷ್ಟು ಮುತುವರ್ಜಿ.

ಇಷ್ಟು ಮಾಡಿಯೂ ಪೈಪ್ ಪೂರ್ತಿ ಕಟ್ಟಿಹೋಯಿತು ಎಂದಿಟ್ಟುಕೊಳ್ಳಿ. ಆಗ ಏರಿಯನ್ನು ಉಳಿಸುವುದು ಕೋಡಿ. ಹಣ ಎಲ್ಲಿ ಬೇಕಾದರೂ ಉಳಿಸಿ, ಕೋಡಿಯಲ್ಲಿ ಮಾತ್ರ ಬೇಡ. ಮಣ್ಣಿನ ಏರಿಯ ತಲೆ ಮೇಲೆ ನೀರು ಹತ್ತಿದರೆ ಬಹಳ ಬೇಗ ಒಡೆಯುತ್ತದೆ. ಒಡೆದಾಗ ಬರುವ ನೀರು, ಅಣೆಯೇ ಇಲ್ಲದಿದ್ದಾಗ ಬರುತ್ತಿದ್ದ ನೆರೆಗಿಂತ ಕೆಟ್ಟದ್ದು. ಆದ್ದರಿಂದ ಪೈಪ್ ಇಲ್ಲವೇ ಇಲ್ಲ ಎಂದು ಲೆಕ್ಕ ಹಾಕಿ, ಮಳೆಯನ್ನೂ ದುಪ್ಪಟ್ಟು ಮಾಡಿ, ಗಂಟೆಗೆ 120 ಮಿಲಿಮೀಟರ್ ಎಂದು ಹಿಡಿದೆ. ಸೆಕೆಂಡಿಗೆ 4 ಘನ ಮೀಟರ್. 6 ಮೀಟರ್ ಅಗಲದ ಕೋಡಿಯ ಮೇಲೆ ಅದು ಎರಡಡಿಗಿಂತ ಸ್ವಲ್ಪ ಕಮ್ಮಿ ಎತ್ತರದಲ್ಲಿ ಹರಿಯುತ್ತದೆ. ಕೋಡಿ ಆರಡಿ ಮಟ್ಟದಲ್ಲಿದೆ, ಏರಿಯ ತಲೆ ಒಂಬತ್ತಡಿಯಲ್ಲಿ. ಹಾಕಿದ ಮಣ್ಣಿನ ಮೇಲೆ ಕೋಡಿ ಕಟ್ಟಲಿಲ್ಲ. ಬದಿಯ ಗಟ್ಟಿ ಮುರಕಲ್ಲಿನ ನೆಲವನ್ನೇ ಕಡಿದು ದಾರಿ ಮಾಡಿದೆವು.

ಇನ್ನು ಆ ಹಲಗೆಯ ಚರ್ಚೆ. ನಮ್ಮ ಕಡೆ ಕಟ್ಟ ಎಂದರೆ ನೀರು ನಿಲ್ಲಿಸಲಿಕ್ಕೆ. ಮಳೆ ಮುಗಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ, ಪ್ಲಾಸ್ಟಿಕ್ ಹಾಳೆ ಇಟ್ಟು ಕಟ್ಟ ಕಟ್ಟಿ ಬೇಸಗೆ ದಾಟಿಸುವುದು ತಲೆಮಾರುಗಳ ಜಾಣ್ಮೆ. ಕಾಸರಗೋಡಿನ ಏತಡ್ಕದ ಕಟ್ಟಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದ್ದರಿಂದ ಹಿರಿಯರೊಬ್ಬರು, "ಇಷ್ಟು ಖರ್ಚು ಮಾಡ್ತೇವೆ, ಪೈಪಿಗೆ ಒಂದು ಹಲಗೆ ಇಟ್ಟರೆ ಏಪ್ರಿಲಿಗೂ ನೀರಾಗ್ತದಲ್ಲ ಭಾವ?" ಎಂದಾಗ ಉಳಿದವರೆಲ್ಲ ಹೌದೆಂದರು. ಪತ್ತನಾಜೆಗೆ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು ಹಲಗೆ ತೆಗೆದರಾಯಿತು ಎಂದು ಒಬ್ಬರ ಸಲಹೆ.

ನಾನು ಒಪ್ಪಲಿಲ್ಲ. ತೋಟಕ್ಕೆ ನೀರು ಹೆಚ್ಚು ಬೇಕಾಗುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಇನ್ನೊಂದು ವಾರ ಇರಲಿ, ಇನ್ನೆರಡು ದಿನ ಇರಲಿ ಎಂದು ಹಲಗೆ ಉಳಿಯುತ್ತದೆ. ಮಳೆ ನಮ್ಮ ಪಂಚಾಂಗ ನೋಡಿ ಬರುವುದಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಅಂದರೆ ಸರಿಸುಮಾರು ಪತ್ತನಾಜೆಯ ದಿನಕ್ಕೇ. ರಾತ್ರಿ ಸುರಿಯುವ ಮಳೆಯಲ್ಲಿ, ಆರಡಿ ನೀರಿನ ಒತ್ತಡದಲ್ಲಿರುವ ಹಲಗೆಯನ್ನು ಎಳೆಯಲು ಯಾರನ್ನು ಇಳಿಸುವುದು? ಅದು ಜೀವದ ಪ್ರಶ್ನೆ. ಹಲಗೆ ಕೂರಿಸುವ ಸಂದನ್ನೇ ಕಾಂಕ್ರೀಟಿನಲ್ಲಿ ಬಿಡಬಾರದು ಎಂದೆ. ಸಂದು ಇದ್ದರೆ ಒಂದು ದಿನ ಯಾರಾದರೂ ಹಲಗೆ ಇಟ್ಟೇ ಇಡುತ್ತಾರೆ.

ಇದನ್ನು ಒಪ್ಪಿಸಲು ನನಗೆ ನೆರವಾದದ್ದು ಅಮೆರಿಕದ ಓಹಾಯೋದ ಕಥೆ. 1913ರ ಮಾರ್ಚ್‌ನಲ್ಲಿ ಡೇಟನ್ ಪಟ್ಟಣ ನೆರೆಗೆ ಸಿಕ್ಕಿ, ಆ ಕಣಿವೆಯಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆರ್ಥರ್ ಮೋರ್ಗನ್ ಎಂಬ ಎಂಜಿನಿಯರ್ ಮುಂದೆ ನಿಂತು ಐದು ಅಣೆಗಳನ್ನು ಕಟ್ಟಿಸಿದರು. 1922ಕ್ಕೆ ಕೆಲಸ ಮುಗಿಯಿತು. ಐದರಲ್ಲಿ ಒಂದಕ್ಕೂ ಗೇಟಿಲ್ಲ, ತೆರೆದ ಕಿಂಡಿಗಳಷ್ಟೆ. ನೆರೆ ಬಂದಾಗ ತಾವಾಗಿ ತುಂಬುತ್ತವೆ, ತಾವಾಗಿ ಖಾಲಿಯಾಗುತ್ತವೆ. ಉಳಿದ ದಿನ ಅಣೆಯ ಹಿಂದಿನ ನೆಲದಲ್ಲಿ ಬೇಸಾಯ ನಡೆಯುತ್ತದೆ. ನೂರು ವರ್ಷ ದಾಟಿದರೂ ಡೇಟನ್ನನ್ನು ಕಾಯುತ್ತಿರುವುದು ಅವೇ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಪಿಕರಿಂಗ್ ಎಂಬ ಸಣ್ಣ ಪಟ್ಟಣದವರೂ ಇದನ್ನೇ ಮಾಡಿದ್ದಾರೆ. ಮೇಲಿನ ತೊರೆಗಳಲ್ಲಿ ಮರದ ದಿಮ್ಮಿಗಳ ಸೋರುವ ತಡೆಗಳು, ಕೆಳಗೆ 1,20,000 ಘನ ಮೀಟರ್ ಹಿಡಿಯುವ ಒಂದು ಒಡ್ಡು. 2015ರ ಡಿಸೆಂಬರ್‌ನ ದೊಡ್ಡ ಮಳೆಯಲ್ಲಿ ನೆರೆಯ ಗರಿಷ್ಠ ಹರಿವು ಶೇ 15ರಿಂದ 20ರಷ್ಟು ತಗ್ಗಿತೆಂದು ಅಲ್ಲಿ ಲೆಕ್ಕ ಹಾಕಿದ್ದಾರೆ. ಮೇಲೆ ಸಣ್ಣ ತಡೆಗಳು, ಕೆಳಗೆ ಖಾಲಿ ಹೊಟ್ಟೆ. ನಮ್ಮದೂ ಅದೇ ಜೋಡಿ, ಅಳತೆ ಮಾತ್ರ ಬಹಳ ಚಿಕ್ಕದು.

ಕೊನೆಗೆ ಹಲಗೆ ಬೇಡ ಎಂದಾಯಿತು. ಬೇಸಗೆಯ ನೀರಿಗೆ ಅಣೆಯಿಂದ ಕೆಳಗೆ ಪ್ರತಿವರ್ಷದ ಹಾಗೆ ಕಟ್ಟ ಕಟ್ಟುತ್ತೇವೆ. ಆ ಕೆಲಸಕ್ಕೆ ಎಲ್ಲ ಮನೆಗಳಿಂದ ಒಬ್ಬೊಬ್ಬರು ಬರಬೇಕೆಂಬುದು ಕರಾರಿನಲ್ಲೇ ಇದೆ.

ಮಳೆಗಾಲದಲ್ಲಿ ಅಣೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಒಂದು ಕಲ್ಲುಕಂಬಕ್ಕೆ ಅಡಿ ಅಳತೆಯ ಬಣ್ಣ ಬಳಿದಿದ್ದೇವೆ. ಜೋರು ಮಳೆ ಬಂದಾಗ ಹತ್ತಿರದ ಮನೆಯ ಹುಡುಗಿ ದೂರದಿಂದಲೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾಳೆ. ನೀರು ಐದಡಿ ದಾಟಿದ ಸಂಜೆಯೂ ಕೆಳಗಿನ ತೋಟದಲ್ಲಿ ನಿಂತದ್ದು ಪಾದ ಮುಳುಗುವಷ್ಟು, ಅದೂ ತೋಟದ್ದೇ ಮಳೆ ನೀರು. ತೋಡು ದಂಡೆಯೊಳಗೇ ಇತ್ತು. ಬುಡಕ್ಕೆ ಹಾಕಿದ ಸೊಪ್ಪು ಬುಡದಲ್ಲೇ ಉಳಿದದ್ದನ್ನು ನೋಡಿ ನನಗಾದ ಸಂತೋಷ ಹೇಳಿ ತೀರದು. ಕೋಡಿಯಲ್ಲಿ ಈವರೆಗೆ ನೀರು ಹರಿದಿಲ್ಲ. ಹರಿಯುವ ದಿನ ಬಂದೇ ಬರುತ್ತದೆ, ಅದಕ್ಕೆ ತಯಾರಿದ್ದೇವೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನೋಡುವುದು 15 ಮೀಟರ್ ಮೀರಿದ ಅಣೆಗಳನ್ನು, ಕೆಲವು ಷರತ್ತುಗಳಿದ್ದರೆ 10 ಮೀಟರ್ ಮೀರಿದವನ್ನು. ನಮ್ಮದು ಮೂರು ಮೀಟರೂ ಇಲ್ಲ. ಆ ಕಾಯ್ದೆಯಡಿ ನಮ್ಮ ಅಣೆ ನೋಡಲು ಯಾರೂ ಬರುವುದಿಲ್ಲ. ಆದ್ದರಿಂದ ನೋಡುವ ಹೊಣೆ ಪೂರ್ತಿ ನಮ್ಮದು. ಮೇ ತಿಂಗಳಲ್ಲಿ ಏರಿಯ ಹುಲ್ಲು ಹೆರೆದು, ಏಡಿ ಬಿಲ, ಹೆಗ್ಗಣದ ಬಿಲ, ಹುತ್ತ ಹುಡುಕುತ್ತೇವೆ. ಸಿಕ್ಕ ಬಿಲವನ್ನು ಅಗೆದು ಅಂಟು ಮಣ್ಣು ಹಾಕಿ ಬಡಿಯುತ್ತೇವೆ. ಏರಿ ಮೇಲೆ ಮರ ಬೆಳೆಯಲು ಬಿಡುವುದಿಲ್ಲ, ಬೇರು ಸತ್ತರೆ ಅದೇ ನೀರಿನ ದಾರಿ. ಇಳಿಜಾರಿಗೆ ಲಾವಂಚ ನೆಟ್ಟಿದ್ದೇವೆ. ಹಿಂಬದಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆ ಕಮ್ಮಿ. ಕೆಂಪಾಗಿ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಎಂದರ್ಥ. ಆಗ ಕಾಯಬಾರದು, ಕೆಳಗಿನ ಮನೆಯವರಿಗೆ ತಕ್ಷಣ ಫೋನ್ ಮಾಡಬೇಕು. ಯಾರು ಯಾರಿಗೆ ಮಾಡಬೇಕೆಂಬ ಪಟ್ಟಿ ಪ್ರತಿ ಮನೆಯ ಗೋಡೆಯಲ್ಲಿದೆ.

ನಮ್ಮನ್ನು ನೋಡಿ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ, ಕೆರೆ ಮಾಡಲು ಹೊರಟವರಿದ್ದಾರೆ. ದಯವಿಟ್ಟು ಬೇಡ. ಕಡಿದಾದ ಗುಡ್ಡ, ದಪ್ಪ ಮಣ್ಣು, ಎಲ್ಲಿಯಾದರೂ ಬಿರುಕು ಕಂಡಿದ್ದರೆ ಅಲ್ಲಿ ನೀರು ಇಂಗಿಸುವುದು ಅಪಾಯ. ನೀರು ಕುಡಿದ ಮಣ್ಣು ಭಾರವಾಗಿ ಜಾರುತ್ತದೆ. ಅಲ್ಲಿ ನೀರನ್ನು ಸುರಕ್ಷಿತವಾಗಿ ಇಳಿಸುವುದೇ ಸರಿ. ಹಿಡಿಯುವ ಕೆಲಸ ಬುಡದ ಸಮತಟ್ಟಿನಲ್ಲಿ ಆಗಲಿ.

ಸದ್ಯ ನಮಗೆ ಉಳಿದಿರುವ ತೊಂದರೆ ಕೆಳಗಿನ ರಸ್ತೆಯ ಮೋರಿ. ಅದರ ಬಾಯಿ ನಮ್ಮ ಪೈಪಿಗಿಂತ ಚಿಕ್ಕದು, ಅರ್ಧ ಮಣ್ಣು ತುಂಬಿದೆ. ಈಗ ತೋಡಿನಲ್ಲಿ ಎಷ್ಟು ನೀರು ಬರುತ್ತದೆಂದು ಫೋಟೊ, ಅಳತೆ ಸಮೇತ ಹೇಳಬಲ್ಲೆವು. ಅದನ್ನೆಲ್ಲ ಸೇರಿಸಿ ಮೋರಿ ದೊಡ್ಡದು ಮಾಡಿಕೊಡಿ ಎಂದು ಅರ್ಜಿ ಬರೆದಿದ್ದೇವೆ. ಬರುವ ಗ್ರಾಮಸಭೆಗೆ ಎಲ್ಲ ಮನೆಯವರೂ ಹೋಗುತ್ತೇವೆ.